ತುದಿ ಮುರಿದ ಬೆಂಡೆಕಾಯಿ

ಮಾವ,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ಸೂಪರ್‌ಮಾರ್ಕೆಟ್‌ನವರು ಬೆಳಿಗ್ಗೆ ಬೇಗನೇ ಸಾಮಾನು ತಂದುಕೊಟ್ಟರು. ಹಾಲು ಫ್ರಿಜ್‌ನಲ್ಲಿಟ್ಟಿದ್ದೀನಿ, ಉಳಿದದ್ದು ನೀವೇ ಎತ್ತಿಡಿ.

ಆನ್‌ಲೈನ್‌ನಲ್ಲಿ ತರಿಸಿದರೆ ಬಲಿತ ಬೆಂಡೆಕಾಯಿ ಕಳಿಸ್ತಾರೆ ಅಂತ ಪ್ರತಿ ವಾರ ಗೊಣಗ್ತಿದ್ರಲ್ಲ, ಈ ಸಲ ಆರ್ಡರ್ ಜೊತೆ "ತುದಿ ಮುರಿದು ನೋಡಿ, ಪಟ್ ಅಂತ ಮುರಿದರೆ ಮಾತ್ರ ಹಾಕಿ" ಅಂತ ಬರೆದಿದ್ದೆ. ಈಗ ಚೀಲ ಬಿಚ್ಚಿ ನೋಡಿ. ಒಂದೂ ಬಿಡದೆ ಎಲ್ಲದರ ತುದಿ ಮುರಿದಿದ್ದಾರೆ. ಅಡಿಲೇಡ್‌ನಲ್ಲಿ ನಿಮಗೊಬ್ಬ ಶಿಷ್ಯ ಸಿಕ್ಕಿದ ಹಾಗಾಯ್ತು.

ಮಧ್ಯಾಹ್ನಕ್ಕೆ ಅದರದ್ದೇ ಪಲ್ಯ ಮಾಡಿಕೊಳ್ಳಿ, ನನಗೂ ಸ್ವಲ್ಪ ಇಡಿ.

ತೆಂಗಿನಕಾಯಿ ಮಾತ್ರ ತರಿಸಿಲ್ಲ. ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡೋದನ್ನ ಹೇಗೆ ಬರೆದು ತಿಳಿಸಲಿ? ಅದಕ್ಕೆ ನಿಮ್ಮ ಕಿವಿಯೇ ಬೇಕು. ಸಂಜೆ ಕಿಲ್ಬರ್ನ್‌ನ ನಿಮ್ಮ ಇಂಡಿಯನ್ ಅಂಗಡಿಗೆ ಹೋಗೋಣ, ಶೂ ಹಾಕಿಕೊಂಡೇ ಕೂತಿರಿ.

ರಂಜನಿ