ಮೂರನೇ ತರಗತಿಯ ಹೊಸ್ತಿಲಲ್ಲಿ ತಿನ್ನಿಸುವ ಬೆಲ್ಲ

ಗದಗ, ೨೨೧೪ನೇ ಇಸವಿ, ಮೇ ೪೧

ಇನ್ನೂರು ವರ್ಷ ಹಿಂದಿರುವ ತಾಯಿ-ತಂದೆಯರಿಗೂ ಅಕ್ಕೋರು-ಮಾಸ್ತರರಿಗೂ ನೀಲವ್ವನ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ಬಿಸಿಲು ಇಳಿಯುವ ಮೊದಲು ಶಾಲೆ ತೆರೆಯಬಾರದೆಂದು ನಮ್ಮವರು ಮೇ ತಿಂಗಳನ್ನೇ ಉದ್ದ ಮಾಡಿದ್ದಾರೆ. ಗುರುತಿಲ್ಲದ ಪದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮೊಮ್ಮಗಳು ಮುಕುಳಾ ಬರುವ ಸೋಮವಾರ ಮೂರನೇ ತರಗತಿಗೆ ಹೋಗಬೇಕು. ನಮ್ಮಲ್ಲಿ ಒಂದನೇ ತರಗತಿಗೆ ಗೋಡೆಯಿಲ್ಲ. ಮಕ್ಕಳು ಮರಳಿನಲ್ಲಿ ಬರೆಯುತ್ತಾರೆ, ಜಗಳಾಡುತ್ತಾರೆ, ಬುತ್ತಿ ಹಂಚಿಕೊಳ್ಳುತ್ತಾರೆ, ನಿದ್ದೆ ಬಂದರೆ ಅಕ್ಕೋರ ಸೆರಗು ಹೊದ್ದು ಮಲಗುತ್ತಾರೆ. ಎರಡನೆಯದರಲ್ಲಿ ಮೂರು ಗೋಡೆ ಬರುತ್ತವೆ, ಜೊತೆಗೆ ಎಣಿಮಣೆ ಬರುತ್ತದೆ. ಕೂತ ಮಗು ಎಷ್ಟು ಸಲ ಎದ್ದಿತೆಂದು ಅದು ಗುರುತಿಟ್ಟುಕೊಳ್ಳುತ್ತದೆ. ಮೂರನೆಯದರಲ್ಲಿ ನಾಲ್ಕನೇ ಗೋಡೆ ಮತ್ತು ಮುಂಗಿವಿ. ಇದು ಕಿವಿಯ ಹಿಂದೆ ಅಂಟಿಸುವ, ಹುಣಸೆಬೀಜದ ಗಾತ್ರದ ಯಂತ್ರ. ಮಗು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿಬಿಡುತ್ತದೆ.

ಅದನ್ನು ಅಂಟಿಸುವಾಗ ಮನೆಯ ಹಿರಿಯರು ತರಗತಿಯ ಹೊಸ್ತಿಲಲ್ಲಿ ಮಗುವಿನ ಬಾಯಿಗೆ ಬೆಲ್ಲ ಇಡಬೇಕು. ಅದು ಕರಗುವವರೆಗೆ ಮಗು ಮಾತಾಡುವಂತಿಲ್ಲ. ಶುಭವಂತೆ! ಶುಭಕಾರ್ಯಕ್ಕೆ ಬಾಯಿ ಯಾಕೆ ಮುಚ್ಚಿಸಬೇಕು? ನನಗೆ ಆಗಲೇ ಅನುಮಾನವಿತ್ತು. ಆದರೂ ನನ್ನ ಮಗ ವಿರೂಪಾಕ್ಷನಿಗೆ ನಾನೇ ತಿನ್ನಿಸಿದೆ. ಅಲ್ಲಿಯವರೆಗೆ ದಿನವೂ ನನ್ನ ತಲೆ ತಿನ್ನುತ್ತಿದ್ದವನು ಮರುದಿನದಿಂದ ಗಪ್‌ಚುಪ್. ಜಾಣನಾದ ಎಂದು ಬೀಗಿದೆ. ಅವನಿಗೀಗ ಮೂವತ್ತೈದು. ಅವ್ವಾ, ಮೊಣಕಾಲು ಹೇಗಿದೆ ಎಂದು ಕೂಡ ಕೇಳುವುದಿಲ್ಲ. ಮುಂಗಿವಿ ಮೊದಲೇ ಹೇಳಿರುತ್ತದೆ. ನನಗೆ ಬಹಳ ಸಂಕಟವಾಗುತ್ತದೆ.

ಮುಕುಳಾ ಇನ್ನೂ ಕೇಳುತ್ತಾಳೆ. ನಿನ್ನೆ ಅಂಗಳದಲ್ಲಿ ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಆಯೀ, ಮುಂದಿನ ಇರಿವಿಗೆ ದಾರಿ ಯಾರ ಹೇಳ್ಯಾರ?" ಅಂದಳು. ನನಗೆ ಗೊತ್ತಿರಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ನೋಡುತ್ತ ಕೂತೆವು. ಈ ಮಗುವನ್ನು ಕಳೆದುಕೊಳ್ಳಲು ನನ್ನಿಂದಾಗದು.

ಹಾಗಾಗಿ ಮೂರನೇ ತರಗತಿಯ ಹುಸೇನಬಿ ಅಕ್ಕೋರ ಬಳಿ ಹೋಗಿ, ಇದನ್ನು ಬೇಡವೆನ್ನಬಹುದೇ ಎಂದು ವಿಚಾರಿಸಿದೆ. ಅವರು ಅತ್ತಿತ್ತ ನೋಡಿ, "ನನ್ನ ಕೇಳಬ್ಯಾಡ್ರಿ ನೀಲವ್ವಾರ, ಇದನ್ನ ಓದ್ರಿ," ಎಂದು ಶಾಲೆಯ ಟ್ರಂಕಿನಿಂದ ಒಂದು ನೋಟ್‌ಬುಕ್ ತೆಗೆದುಕೊಟ್ಟರು. ಅದು ನಿಮ್ಮ ಕಾಲದ್ದು. ಒಬ್ಬ ಹುಡುಗಿಯ ಬಗ್ಗೆ ವರ್ಷವರ್ಷವೂ ಶಿಕ್ಷಕರು ಬರೆದ ಷರಾ ಅದರಲ್ಲಿದೆ. ಒಂದನೇ ತರಗತಿ: "ಪ್ರಶ್ನೆ ಕೇಳಿ ಕೇಳಿ ಸಾಕು ಮಾಡುತ್ತಾಳೆ." ಎರಡನೇ ತರಗತಿ: "ಕೈ ಎತ್ತಿದ ಮೇಲೆಯೇ ಕೇಳುತ್ತಾಳೆ." ಮೂರನೇ ತರಗತಿ: "ಬಹಳ ಸುಧಾರಿಸಿದ್ದಾಳೆ. ಸುಮ್ಮನಿರುತ್ತಾಳೆ."

ನಾನು ಮೂರು ಸಲ ಓದಿದೆ. ನಿಮ್ಮಲ್ಲಿ ಮುಂಗಿವಿ ಇರಲಿಲ್ಲವಲ್ಲ!

ಸೋಮವಾರ ನಾನು ಬೆಲ್ಲ ಒಯ್ಯುವುದಿಲ್ಲ. ಶಾಲೆಯವರು ಹೆಸರು ಹೊಡೆದುಹಾಕಬಹುದು, ಮಗ ಮುನಿಯಬಹುದು. ಹೆದರಿಕೆ ಇದ್ದೇ ಇದೆ. ಆದರೆ ಯಂತ್ರವನ್ನು ತಡೆದರೆ ಮಗು ಉಳಿಯುತ್ತದೆಂಬ ಧೈರ್ಯವನ್ನೂ ನಿಮ್ಮ ನೋಟ್‌ಬುಕ್ ಕಿತ್ತುಕೊಂಡಿದೆ. ಇಷ್ಟು ದಿನ ನನ್ನ ಅನುಮಾನ ಮುಂಗಿವಿಯ ಮೇಲಿತ್ತು. ಈಗ ನಿಮ್ಮ ಮೇಲೂ ಇದೆ, ನನ್ನ ಮೇಲೂ ಇದೆ.

ನಿಮ್ಮ ಮನೆಯಲ್ಲೂ ಮೂರನೇ ತರಗತಿಗೆ ಹೋಗುವ ಮಗುವಿರಬಹುದು. ಅದು ನಿಮ್ಮನ್ನು ಕೊನೆಯ ಸಲ "ಯಾಕೆ" ಎಂದು ಕೇಳಿದಾಗ ನೀವು ಏನಂದಿರಿ? ನೆನಪು ಮಾಡಿಕೊಂಡು, ಮುಚ್ಚಿಡದೆ ಬರೆದು ತಿಳಿಸಿ. ಆ ಮಾತು ನನ್ನ ಬಾಯಿಂದಲೂ ಬಂದಿದೆಯೇ ಎಂದು ನಾನು ನೋಡಿಕೊಳ್ಳಬೇಕು.

ನೀಲವ್ವ