ರಕ್ತ ತೆಳು ಮಾಡುವ ಮಾತ್ರೆ

ಒಳಗಿರುವ ಡಾಕ್ಟರ್ ಸಾಹೇಬರಿಗೆ,

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ದಯವಿಟ್ಟು ಈ ಚೀಟಿ ಓದಿ. ಬಲಗೈ ಬಿದ್ದುಹೋಗಿ, ಮಾತು ನಿಂತು ಮಲಗಿರುವ ಫೈಜಾನ್ ನನ್ನ ಗಂಡ. ಹೃದಯಕ್ಕೆ ವಾಲ್ವ್ ಹಾಕಿಸಿಕೊಂಡವರು. "ರಕ್ತ ತೆಳು ಮಾಡೋ ಮಾತ್ರೆ ಬಿಟ್ಟಿದ್ರಾ?" ಎಂದು ನೀವು ಕೇಳಿದಾಗ ಅತ್ತೆ, "ಒಂದ್ ದಿನಾನೂ ಇಲ್ಲ ಸಾರ್, ಸೊಸೇನೇ ಕೊಡ್ತಾಳೆ" ಎಂದರು. ಅವರಿಗೆ ನಿಜ ಗೊತ್ತಿಲ್ಲ.

ಹನ್ನೊಂದು ದಿನದಿಂದ ನಾನು ಅದನ್ನು ಕೊಟ್ಟಿಲ್ಲ. ಇವರಿಗೆ ರಕ್ತ ಕಡಿಮೆಯಿದೆ ಎಂದು ನಮ್ಮೂರ ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಅದು ಕೂಡಿಸಿದ ರಕ್ತವನ್ನು ಈ ತೆಳು ಮಾಡುವ ಮಾತ್ರೆ ನೀರು ಮಾಡುತ್ತದೆ ಎಂದು ಹೆದರಿ ಎತ್ತಿಟ್ಟೆ. ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇದೇ ಕಾಯುತ್ತಿತ್ತು, ಇದು ಮೈಯಲ್ಲಿದ್ದರೆ ನಿಮ್ಮ ಇಂಜೆಕ್ಷನ್ ಕೊಡುವಂತಿಲ್ಲ ಎಂದು ಈಗಷ್ಟೇ ನರ್ಸಮ್ಮ ಹೇಳಿದರು. ನಾನು ಅಂಗೈಗಿಟ್ಟದ್ದನ್ನು ನನ್ನ ಗಂಡ ನೋಡದೆ ನುಂಗುತ್ತಿದ್ದರು.

ಅತ್ತೆಗೆ ನಾನೇ ಹೇಳುತ್ತೇನೆ. ನೀವು ಬೇಗ ಕೊಡಬೇಕಾದ್ದನ್ನು ಕೊಡಿ.

ಬಾಗಿಲ ಹೊರಗೇ ಇದ್ದೇನೆ,
ಕಹಕಶಾನ್, ಶಿಡ್ಲಘಟ್ಟ