ಜೀಪಿನಲ್ಲಿ ಪವನ್‌ಗೆ ಜಾಗ

ಬೊಕ್ಕಾಪುರಂ
22 ಆಗಸ್ಟ್ 2024, ಗುರುವಾರ

ಪ್ರೀತಿಯ ರಂಜಿತಕ್ಕಾ,

ಹೇಗಿದ್ದೀಯಾ? ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲಾ ಬನ್ನು ತಿಂದು ಮಲಗುತ್ತೀಯಾ? ತುಂಬ ದಿನವಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವ್ವ ಪಕ್ಕದಲ್ಲೇ ಇರುತ್ತಾಳೆ. ತಾತ ನಮಗಿಬ್ಬರಿಗೆ ಹಟ ಹಿಡಿದು ಕಲಿಸಿದ ಕನ್ನಡ ಅಕ್ಷರ ಈಗ ಉಪಯೋಗಕ್ಕೆ ಬಂತು. ತಮಿಳು ಮಾತ್ರ ಓದಲು ಬರುವ ಅವ್ವನಿಗೆ ಈ ಕಾಗದ ಸಿಕ್ಕಿದರೂ ತಲೆಬುಡ ತಿಳಿಯುವುದಿಲ್ಲ.

ಬರೆಯುತ್ತಿದ್ದರೆ ಪೆನ್ನು ಕಾಗದ ಹರಿಯುತ್ತಿದೆ, ಅಷ್ಟು ಸಿಟ್ಟು ಬಂದಿದೆ ನನಗೆ. ಮೇಲಿನ ಮನೆಯ ಪವನ್ ಗೊತ್ತಲ್ಲ, ನನ್ನ ಜೊತೆ ಪ್ಲಸ್ ಟು ಓದುವವನು. ನನಗೆ ಹುಡುಗಿಯರೇ ಇಷ್ಟ ಎನ್ನುವುದು ನಿನ್ನನ್ನು ಬಿಟ್ಟರೆ ಅವನೊಬ್ಬನಿಗೇ ಗೊತ್ತು. ನಾನು ಅಳುತ್ತಾ ಹೇಳಿದ್ದಕ್ಕೆ ಅವನು, "ಅಷ್ಟೇನಾ? ನಂಗೂ ಹುಡುಗ್ರೇ ಇಷ್ಟ. ಟೀ ಕುಡೀತೀಯಾ?" ಎಂದಿದ್ದ. ಈಗ ಕ್ಲಾಸಿನ ಇನ್ನೊಬ್ಬನನ್ನು ನಂಬಿ ತನ್ನ ವಿಷಯ ಹೇಳಿಕೊಂಡ. ಆ ಪುಣ್ಯಾತ್ಮ ಊರಿಗೆಲ್ಲ ಡಂಗುರ ಸಾರಿದ.

ಭಾನುವಾರ ಮಕ್ಕಳ ಅಪ್ಪ ಅವ್ವಂದಿರು ಸೇರಿ, ಸ್ಕೂಲಿಗೆ ಹೋಗುವ ಜೀಪಿನಲ್ಲಿ ಪವನ್ ಬೇಡ ಎಂದು ತೀರ್ಮಾನ ಮಾಡಿದರು. ಜೀಪಿನ ಮುರಳಿ ಅಣ್ಣ ಮಾರನೆಯ ದಿನ ಅವನ ಮುಖವನ್ನೂ ನೋಡದೆ, "ನಾಳೆಯಿಂದ ಬರ್ಬೇಡಪ್ಪಾ. ನಂದೇನೂ ಇಲ್ಲ, ದೊಡ್ಡವ್ರು ಹೇಳವ್ರೆ," ಎಂದರು.

ಅಕ್ಕಾ, ಮಸಿನಗುಡಿಗೆ ಹೋಗುವ ನಮ್ಮ ರಸ್ತೆ ನಿನಗೆ ಗೊತ್ತು. ಕುಡಿದು ಎಲ್ಲರಿಗೂ ಬೈಯುತ್ತಾ ಬರುವವನನ್ನೂ ಅಲ್ಲಿ ಹತ್ತಿಸಿಕೊಳ್ಳುತ್ತಾರೆ. ಮಾತು ಬಿಟ್ಟ ದಾಯಾದಿಗಳು ಕೂಡ ಆ ರಸ್ತೆಯಲ್ಲಿ ಒಬ್ಬರನ್ನೊಬ್ಬರು ಬಿಟ್ಟು ಹೋಗುವುದಿಲ್ಲ, ಆನೆ ಇದೆ ಎಂದು. ಮೇಕೆಗೂ ಜಾಗ ಇರುವ ಜೀಪಿನಲ್ಲಿ ಹದಿನೇಳು ವರ್ಷದ ಹುಡುಗನಿಗೆ ಜಾಗವಿಲ್ಲವಂತೆ! ಯಾರೂ ಅವನ ಮೇಲೆ ಕೈ ಮಾಡಲಿಲ್ಲ, ಆನೆಗೆ ಬಿಟ್ಟರು, ಅಷ್ಟೇ. ಎಂಥಾ ಮರ್ಯಾದಸ್ಥರು!

ಮಂಗಳವಾರ ಬೆಳಿಗ್ಗೆ ಅವನು ಬ್ಯಾಗ್ ಹಾಕಿಕೊಂಡು ಒಬ್ಬನೇ ನಡೆದು ಹೋಗುತ್ತಿದ್ದ. ಜೀಪು ಅವನನ್ನು ದಾಟುವಾಗ ಒಳಗಿದ್ದವರೆಲ್ಲ ಆಚೆ ಕಡೆಯ ಬೆಟ್ಟ ನೋಡಿದರು, ಹುಟ್ಟಿದಾಗಿನಿಂದ ಬೆಟ್ಟವನ್ನೇ ಕಾಣದವರ ಹಾಗೆ. "ನಿಲ್ಸಿ!" ಎಂದು ಕಿರುಚಿ ನಾನು ಇಳಿದುಬಿಟ್ಟೆ.

"ಏಯ್ ಕೀರ್ತನಾ, ಹತ್ತಮ್ಮಾ. ಈಗ ತಾನೇ ಇಲ್ಲಿ ಒಂಟಿ ಆನೆ ನಿಂತಿತ್ತು," ಎಂದರು ಮುರಳಿ ಅಣ್ಣ.

"ಆನೆ ನನ್ನೊಬ್ಳನ್ನೇ ತುಳಿಯೋದಾ ಅಣ್ಣಾ? ಅವನನ್ನ ಬಿಟ್ಬಿಡ್ತದಾ?"

ಆಗ ಮೋನಿಷಾ ಇಳಿದಳು. ಎಲ್ಲದಕ್ಕೂ ಕಿಸಕ್ಕನೆ ನಗುತ್ತಾಳೆ ಎಂದು ನಿನ್ನ ಹತ್ತಿರ ದೂರುತ್ತಿದ್ದೆನಲ್ಲ, ಅದೇ ಮೋನಿಷಾ. "ನಂಗೆ ಆನೆ ಅಂದ್ರೆ ಭಯ ಕಣೇ, ಬೇಗ ನಡೀರಿ," ಎಂದು ಪವನ್‌ನ ಇನ್ನೊಂದು ಪಕ್ಕಕ್ಕೆ ಬಂದು ನಿಂತಳು. ಪವನ್ ನಮ್ಮಿಬ್ಬರಿಗೂ ಚೆನ್ನಾಗಿ ಬೈದ, ಬೈಯುತ್ತಲೇ ಅತ್ತ. ರಸ್ತೆಯ ಮೇಲೆ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ನಾನು ಪವನ್‌ನ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ನಡೆದೆ, ಸುಳ್ಳು ಯಾಕೆ ಹೇಳಲಿ.

ಮುರಳಿ ಅಣ್ಣ ಏನು ಮಾಡಿದರು ಗೊತ್ತಾ? ನಮ್ಮನ್ನು ಬಿಟ್ಟು ಹೋಗಲಾರದೆ ಫಸ್ಟ್ ಗೇರಿನಲ್ಲಿ ಸ್ಕೂಲಿನ ತನಕ ನಮ್ಮ ಹಿಂದೆಯೇ ಬಂದರು. ಎಲ್ಲರಿಗೂ ಲೇಟಾಯಿತು, ಎಲ್ಲರೂ ಬೈಸಿಕೊಂಡರು. ನಿನ್ನೆ ಪವನ್‌ನ ಮನೆ ಮುಂದೆ ಜೀಪು ನಿಲ್ಲಿಸಿ, "ಮುಂದೆ ನನ್ ಪಕ್ಕ ಕೂತ್ಕೋ. ಯಾರಾದ್ರೂ ಕೇಳಿದ್ರೆ ನಾನ್ ಹೇಳ್ಕತೀನಿ," ಎಂದರು.

ಕೇಳಿಯೇ ಕೇಳುತ್ತಾರೆ. ಸೆಪ್ಟೆಂಬರ್ ಒಂದನೇ ತಾರೀಖು ಭಾನುವಾರ ಮತ್ತೆ ಮೀಟಿಂಗಂತೆ. ಪವನ್ ಇಳಿಯಬೇಕು, ಇಲ್ಲವಾದರೆ ಮುರಳಿ ಅಣ್ಣನನ್ನೇ ಬಿಡಿಸಿ ಬೇರೆ ಜೀಪು ಗೊತ್ತುಮಾಡುತ್ತಾರಂತೆ. ನಾನೂ ಮೋನಿಷಾಳೂ ಹೋಗಿ ಮಾತಾಡುತ್ತೇವೆ. ಹೇಗಾದರೂ ರಜೆ ಹಾಕಿ ಬಾ ಅಕ್ಕಾ. ದೂರದಿಂದ ಆಶೀರ್ವಾದ ಕಳಿಸಬೇಡ, ನನ್ನ ಪಕ್ಕದಲ್ಲಿ ಕೂತುಕೋ, ಸಾಕು. ಮಾರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ಕೀರ್ತನಾ

ತಾ.ಕ.: ಪವನ್ ಬೇಡ ಎಂದು ಮೀಟಿಂಗಿನಲ್ಲಿ ಮೊದಲು ಬಾಯಿ ಬಿಟ್ಟವಳು ನಮ್ಮ ಅವ್ವ. ಮನೆಗೆ ಬಂದು, ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಾ, "ಸದ್ಯ, ನಮ್ಮನೇಲಿ ಅಂಥದ್ದು ಹುಟ್ನಿಲ್ಲ," ಎಂದಳು. ಎಷ್ಟು ಮೆತ್ತಗೆ ಹಚ್ಚುತ್ತಿದ್ದಳು ಅಕ್ಕಾ, ನನಗೆ ಎದ್ದು ಹೋಗಲು ಮನಸ್ಸೇ ಬರಲಿಲ್ಲ.